‘ಈವರೆಗಿನ ಒಟ್ಟು’ ಎಂಬ ಬೂದು ಚೌಕದ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಕಚೇರಿಯ ಕಂಪ್ಯೂಟರಿನೊಳಗೆ, ರಜೆ ನಮೂನೆಯ ಬಲಗಡೆಯ ಕೆಳಮೂಲೆಯಲ್ಲಿ, ಯಾರೂ ಮುಟ್ಟಿ ತಿದ್ದಲಾಗದಂತೆ ಬೂದು ಬಣ್ಣ ಹೊದ್ದು ವಿರಾಜಮಾನರಾಗಿರುವ ತಮಗೆ, ಅದೇ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುತ್ತಿರುವ ನಾನು ಮಾಡುವ ಅನಂತಾನಂತ ನಮಸ್ಕಾರಗಳು. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ. ದಿನದಿಂದ ದಿನಕ್ಕೆ ತಾವು ಮೈ ತುಂಬಿಕೊಳ್ಳುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಈ ವರ್ಷ ನಾನು ತೆಗೆದುಕೊಂಡ ರಜೆ ನಾಲ್ಕೇ ದಿನ: ಜ್ವರಕ್ಕೆ ಎರಡು, ಹಲ್ಲು ಕೀಳಿಸಿಕೊಂಡಿದ್ದಕ್ಕೆ ಒಂದು, ಮನೆ ಬದಲಾಯಿಸಿದ್ದಕ್ಕೆ ಒಂದು. ವರ್ಷಕ್ಕೆ ಹನ್ನೆರಡು ದಿನ ಸಲ್ಲುತ್ತದೆ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಗಿ, “ಕಟ್ಟು ಬಿಚ್ಚೋವಾಗ ನೀನು ಎದುರಿಗಿರಬೇಕು ಕಣೋ, ಎಷ್ಟು ಮುದುಕ ಆಗಿದೀಯ ಅಂತ ನೋಡ್ಬೇಕು” ಎಂದು ಆಕೆ ಫೋನಿನಲ್ಲೇ ಅಪ್ಪಣೆ ಮಾಡಿದ್ದರಿಂದ, ಮೂರು ದಿನದ ರಜೆ ಕೇಳುವ ಮುನ್ನ ಉಳಿದದ್ದೆಷ್ಟೆಂದು ತಿಳಿಯಲು ತಮ್ಮ ದರ್ಶನಕ್ಕೆ ಬಂದೆ. ಎಡವಟ್ಟಾಗಿದ್ದು ಅಲ್ಲೇ.

ನಮ್ಮ ಕಚೇರಿಯಲ್ಲಿ ಯಾವುದನ್ನೂ ಒಂದೇ ಸಲ ನೋಡಿ ಒಪ್ಪುವ ಪದ್ಧತಿಯಿಲ್ಲ. ಅದೇ ತೂಕದ ಕಲ್ಲನ್ನು ಮೂರು ಸಲ ಇಟ್ಟು, ತಕ್ಕಡಿ ಮೂರು ಸಲವೂ ಅದನ್ನೇ ಹೇಳಿದರೆ ಮಾತ್ರ ನಾವು ಮುದ್ರೆ ಒತ್ತುವುದು. ಆ ಚಾಳಿಯಲ್ಲೇ ನಾನು ಮೌಸ್ ಹಿಡಿದು ನನ್ನ ರಜೆಯ ಸಾಲುಗಳ ಮೇಲೆ ಮೂರು ಸಲ ಇಳಿದೆ. ಮೊದಲ ಸಲಕ್ಕೆ ತಾವು ನಾಲ್ಕು ಎಂದಿರಿ, ಎರಡನೆಯದಕ್ಕೆ ಎಂಟು, ಮೂರನೆಯದಕ್ಕೆ ಹನ್ನೆರಡು. ಕುರ್ಚಿಯಿಂದ ಏಳದೆಯೇ ನನ್ನ ವರ್ಷದ ರಜೆ ಮುಗಿದುಹೋಯಿತು.

ಕಂಪ್ಯೂಟರ್ ವಿಭಾಗದ ಮೇಡಂ ಪಾಪ ತಾಳ್ಮೆಯಿಂದಲೇ ವಿವರಿಸಿದರು. ಪ್ರತಿ ಸಲ ಮೊದಲಿನಿಂದ ಕೂಡುವ ಶ್ರಮ ತಮಗೆ ಬೇಡವೆಂದು, ಯಾರು ಯಾವ ಸಾಲಿನ ಮೇಲೆ ಬಂದು ನಿಂತರೂ ಆ ಸಾಲನ್ನು ಹಳೆಯ ಮೊತ್ತಕ್ಕೆ ಇನ್ನೊಮ್ಮೆ ಸೇರಿಸಿ ಜೋಪಾನವಾಗಿ ಇಟ್ಟುಕೊಳ್ಳುವಂತೆ ಯಾರೋ ಪುಣ್ಯಾತ್ಮರು ತಮ್ಮನ್ನು ಬರೆದಿದ್ದಾರಂತೆ. “ನೋಡ್ದೇ ಇದ್ರೆ ಸರಿಯಾಗೇ ಇರುತ್ತೆ ಸರ್” ಎಂದು ಸಮಾಧಾನವನ್ನೂ ಹೇಳಿದರು.

ಆದರೆ ನೋಡದೇ ಇರುವವರು ಯಾರು? ಅಧೀಕ್ಷಕರು ನನ್ನ ಮಾತು ನಂಬದೆ ಸ್ವತಃ ಮೂರು ಸಲ ನೋಡಿದರು, ಇಪ್ಪತ್ತನಾಲ್ಕಾಯಿತು. ಸುದ್ದಿ ಹಬ್ಬಿ, ನಮ್ಮ ಕಚೇರಿಯ ಉಳಿದ ಇಪ್ಪತ್ತೊಂಬತ್ತು ಮಂದಿಯೂ ಊಟದ ಬಿಡುವಿನಲ್ಲಿ ಸಾಲಾಗಿ ನಿಂತು, ಅಯ್ಯೋ ಪಾಪ ಎನ್ನುತ್ತ, ನಿಯಮದಂತೆ ತಲಾ ಮೂರು ಸಲ ನೋಡಿದ್ದರಿಂದ ತಾವು ಮುನ್ನೂರ ಎಪ್ಪತ್ತೆರಡನ್ನು ಮುಟ್ಟಿದಿರಿ. ಅಂದರೆ ನಾನು ಇಡೀ ವರ್ಷ ರಜೆ ಹಾಕಿದ್ದಲ್ಲದೆ, ಮುಂದಿನ ವರ್ಷದ ಏಳು ದಿನಕ್ಕೂ ಕೈ ಹಾಕಿದ್ದೇನೆ. ಎಲ್ಲಿಗೆ ಹೋಗಿದ್ದೆ, ಏನೇನು ನೋಡಿದೆ ಎಂಬುದನ್ನೂ ದಯಮಾಡಿ ತಿಳಿಸಿದರೆ ಮನೆಯಲ್ಲಿ ಹೇಳಿಕೊಳ್ಳಲು ಅನುಕೂಲವಾದೀತು.

ಯಾವುದೋ ಅಂಗಡಿಯ ತಕ್ಕಡಿ ಹೀಗೆ ನಡೆದುಕೊಂಡಿದ್ದರೆ ಅದನ್ನು ಅವತ್ತೇ ಕಿತ್ತು ತರುತ್ತಿದ್ದೆ. ಆದರೆ ತಮ್ಮಂಥ ಉದಾರಿಗಳನ್ನು ಆ ಮೂಲೆಯಲ್ಲಿ ಕೊಳೆಯಿಸುವುದು ಅನ್ಯಾಯ. ಒಂದು ವಾರದ ಮಟ್ಟಿಗಾದರೂ ನನ್ನ ನೆತ್ತಿಯ ಮೇಲೆ ಬಂದು ನೆಲೆಸಿ, ನಾನು ಕನ್ನಡಿ ನೋಡಿದಾಗಲೆಲ್ಲ ಇರುವ ನಾಲ್ಕು ಕೂದಲಿಗೆ ಮತ್ತೆ ನಾಲ್ಕನ್ನು ಕೂಡಿಸಬೇಕಾಗಿ ವಿನಂತಿ.

ಅಷ್ಟರಲ್ಲಿ ನಾನು ಸಲ್ಲಿಸಿದ್ದ ಮೂರು ದಿನದ ಅರ್ಜಿ ವಾಪಸು ಬಂತು. “ರಜೆಯಲ್ಲಿರೋರು ರಜೆ ಕೇಳೋದು ಹೇಗ್ರೀ?” ಎಂದರು ಅಧೀಕ್ಷಕರು. ಅಕ್ಕ ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಜೀವನದಲ್ಲಿ ಇದೊಂದನ್ನೇ. ಆಮೇಲೆ ಹೊಳೆಯಿತು. ತಮ್ಮ ಲೆಕ್ಕದಲ್ಲಿ ನಾನು ಕಚೇರಿಯಲ್ಲೇ ಇಲ್ಲ. ಇಲ್ಲದವನು ಎದ್ದು ಹೋದರೆ ಗೈರುಹಾಜರಿ ಹಾಕುವುದು ಯಾರಿಗೆ? ಕೊಡೆ ತೆಗೆದುಕೊಂಡು ಎಲ್ಲರೆದುರೇ ಹೊರಟುಬಂದೆ.

ಈ ಪತ್ರವನ್ನು ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಕಟ್ಟು ಬಿಚ್ಚಿದರು. ಅಕ್ಕ ನನ್ನನ್ನು ನೋಡಿ, “ಕೂದಲೆಲ್ಲ ಎಲ್ಲೋ ಹೋಯ್ತು?” ಎಂದು ನಕ್ಕಳು. ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು, ಕೈ ಹಿಡಿದುಕೊಂಡು ಮತ್ತೊಮ್ಮೆ ನೋಡಿದಳು. ಮೂರು ಸಲವೂ ನಾನೊಬ್ಬನೇ ಇದ್ದೆ. ಆಕೆಗೆ ಅಷ್ಟೇ ಸಾಕಾಗಿತ್ತು.

ಇನ್ನಾದರೂ ಒಂದನ್ನು ಒಂದೇ ಎಂದು ಎಣಿಸುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ,
ತಕ್ಕಡಿ ಪರೀಕ್ಷಕ
(ಸದ್ಯ ಮುನ್ನೂರ ಎಪ್ಪತ್ತೆರಡು ದಿನಗಳ ರಜೆಯಲ್ಲಿ)

ವಿ.ಸೂ.: ಅಕ್ಕನ ಇನ್ನೊಂದು ಕಣ್ಣಿನ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳಿದೆ. ಅದಕ್ಕೂ ಅಡ್ಡಿ ಬರಬಾರದೆಂದು, ಹೊರಡುವ ಮುನ್ನ ಅಧೀಕ್ಷಕರ ರಜೆಯ ಪುಟವನ್ನು ತೆರೆದು, ಅತ್ಯಂತ ಗೌರವದಿಂದ, ಒಂದು ಗಂಟೆ ಕಾಲ ಮತ್ತೆ ಮತ್ತೆ ನೋಡಿ ಬಂದಿದ್ದೇನೆ.