ಮಾವನವರ ಗಾಳಕ್ಕೆ ಬಿದ್ದ ಅಳಿಯ

ನನ್ನ ಹೆಂಡತಿ ನನ್ನನ್ನು ಬೈಯುವುದನ್ನು ನಿಲ್ಲಿಸಿದ್ದಾಳೆ ಅಂದರೆ ಗೆಳೆಯರು ಹೊಟ್ಟೆಕಿಚ್ಚುಪಡುತ್ತಾರೆ. ಪಡಬೇಡಿ. ಮದುವೆಯಾದ ದಿನದಿಂದ ಆಕೆಯ ಬೈಗುಳದ ತಾಳಕ್ಕೇ ಹಲ್ಲುಜ್ಜಿ, ಸ್ನಾನ ಮಾಡಿ, ಕೆಲಸಕ್ಕೆ ಹೊರಟವನು ನಾನು. ಮಾವನವರು ತೀರಿಕೊಂಡ ಮೇಲೆ ಆ ತಾಳ ತಪ್ಪಿಹೋಯಿತು. ಒದ್ದೆ ಟವೆಲನ್ನು ಬೇಕೆಂದೇ ಹಾಸಿಗೆಯ ಮೇಲೆ ಎಸೆದು ನೋಡಿದೆ. ಆಕೆ ಸುಮ್ಮನೆ ಎತ್ತಿ ಒಣಹಾಕಿದಳು. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಾವನವರು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಮಿತಭಾಷಿ. ನಾನೋ ಹರಾಜು ಕೂಗುವವನು. (ನಾನು ಪಿಸುಗುಟ್ಟಿದರೆ ಪಕ್ಕದ ಮನೆಯವರು "ಏನಂದ್ರಿ?" ಅನ್ನುತ್ತಾರೆ.) ಅವರ ಸಾಮಾನಿನ ಜೊತೆ ಒಂದು ತೆಳ್ಳನೆಯ ಗಾಳದ ಕೋಲೂ ನಮ್ಮ ಮನೆಗೆ ಬಂದು ಬಾಗಿಲ ಹಿಂದೆ ನಿಂತಿತ್ತು. ಕಸ ಗುಡಿಸುವಾಗ ಆಕೆ ಅದನ್ನೊಮ್ಮೆ ಸೆರಗಿನಿಂದ ಒರೆಸಿ ಮುಂದೆ ಹೋಗುವಳು. ಅದನ್ನು ನೋಡಿಯೇ ನನ್ನ ತಲೆಯಲ್ಲಿ ಜ್ಞಾನೋದಯವಾದದ್ದು.

"ನಡಿ, ಕಡಲ ತೀರಕ್ಕೆ ಹೋಗಿ ಮೀನು ಹಿಡಿಯೋಣ."

"ನಿಮಗೆ ಬರುತ್ತಾ?"

"ಬರೋದಕ್ಕೇನಿದೆ? ಎಸೆಯೋದು, ಎಳೆಯೋದು!"

ಎಂದಿನ ಹಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ವಂಶದ ಜಾಣತನವೆಲ್ಲ ಹೊರಬಿದ್ದಿರುತ್ತಿತ್ತು. ಆಕೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಸಮುದ್ರ ದೊಡ್ಡದು, ಆದ್ದರಿಂದ ಗಾಳ ಮುಳುಗಿಸುವ ಗುಂಡೂ ದೊಡ್ಡದಿರಬೇಕು ಎಂದು ತರ್ಕಿಸಿ ದಾರಕ್ಕೆ ದಪ್ಪನೆಯ ಸೀಸದ ಗುಂಡು ಕಟ್ಟಿದೆ. ವೀರಾವೇಶದಿಂದ ಬೀಸಿದೆ. ದಾರ ಪಟ್ಟೆಂದು ತುಂಡಾಗಿ, ಗುಂಡು ಮಾತ್ರ ಒಬ್ಬಂಟಿಯಾಗಿ ವಿದೇಶ ಪ್ರಯಾಣ ಹೊರಟಿತು. ಮತ್ತೊಂದು ಕಟ್ಟಿ ಇನ್ನೂ ಜೋರಾಗಿ ಬೀಸಿದೆ. ಹಿಂದಿನಿಂದ ಏನೋ ಹಿಡಿದೆಳೆಯಿತು.

"ಸಿಕ್ಕಿತು! ಸಿಕ್ಕೇಬಿಟ್ಟಿತು!" ಎಂದು ಬೊಬ್ಬೆ ಹೊಡೆದು ಎಳೆದೆ. ಪರ್‍ರ್ ಎಂದು ಸದ್ದಾಯಿತು. ಗಾಳಕ್ಕೆ ಸಿಕ್ಕ ಮಹಾಮತ್ಸ್ಯ ನನ್ನ ಪ್ಯಾಂಟಿನ ಹಿಂಭಾಗವಾಗಿತ್ತು.

"ಅಲ್ಲಾಡಬೇಡಿ," ಎಂದಳು. ಮೆಲ್ಲಗೆ ಕೊಕ್ಕೆ ಬಿಡಿಸಿ, ಕೋಲನ್ನು ತಾನೇ ತೆಗೆದುಕೊಂಡಳು. ಬಟಾಣಿಯಷ್ಟು ಗುಂಡು ಕಟ್ಟಿ, ಕೊಕ್ಕೆಗೆ ಸಿಗಡಿಯ ಚೂರು ಚುಚ್ಚಿ, ಮಣಿಕಟ್ಟನ್ನು ಹೀಗೆ ತಿರುಗಿಸಿದಳು ಅಷ್ಟೆ. ಗಾಳ ಹತ್ತಿರದಲ್ಲೇ, ಅಲೆ ಒಡೆಯುವಲ್ಲಿ ಬಿತ್ತು.

"ಇಷ್ಟು ಹತ್ತಿರಾನಾ?"

"ಮೀನು ಮೇಯೋಕೆ ಇಲ್ಲಿಗೇ ಬರೋದು. ದೂರ ಎಸೆದ್ರೆ ಅವುಗಳ ತಲೆ ಮೇಲಿಂದ ಹಾದು ಹೋಗುತ್ತೆ. ಅಪ್ಪ ಹೇಳಿಕೊಟ್ಟಿದ್ರು."

ಸಮಾಧಾನ ಮಾಡಲು ಇದೇ ಸಮಯವೆಂದು ಬಾಯಿ ಹಾಕಿದೆ. "ಪಾಪ, ಮಾವನವರಿಗೆ ಮೀನು ಅಂದ್ರೆ ಪ್ರಾಣ."

"ಅಪ್ಪಂಗೆ ಮೀನಿನ ವಾಸನೇನೇ ಆಗ್ತಿರಲಿಲ್ಲ. ಹಿಡಿದದ್ದನ್ನೆಲ್ಲ ವಾಪಸ್ ಬಿಡ್ತಿದ್ರು."

"ಮತ್ತೆ ಯಾಕೆ ಬರ್ತಿದ್ರು?"

ಆಕೆ ನೀರನ್ನೇ ನೋಡುತ್ತ ಹೇಳಿದಳು: "ಭಾನುವಾರ ನೀವು ಅಪ್ಪನ ಮನೆಗೆ ಊಟಕ್ಕೆ ಬರ್ತಿದ್ರಲ್ಲ. ಈ ಕೋಲು ಕೊಂಡಿದ್ದೇ ನಮ್ಮ ಮದುವೆ ಆದ್ಮೇಲೆ. 'ಅಳಿಯಂದಿರು ಬಂಗಾರದಂಥವರಮ್ಮ, ಆದ್ರೆ ಅವರಿಗಿಂತ ಸಮುದ್ರದ ಸದ್ದೇ ಕಮ್ಮಿ' ಅಂತಿದ್ರು."

ಹೇಳುತ್ತಲೇ ನಕ್ಕಳು. ತಿಂಗಳುಗಳ ಮೇಲೆ ಬಂದ ನಗು. ಅದು ನನ್ನ ಖರ್ಚಿನಲ್ಲಿ ಬಂದರೇನಂತೆ ಎಂದು ನಾನೂ ನಗಲು ಹೊರಟೆ. ಅಷ್ಟರಲ್ಲಿ ಆಕೆಯ ಭುಜ ನಡುಗತೊಡಗಿತು.

"ನೀವು ಊಟ ಮಾಡಿ ಮಲಗಿದ ಮೇಲೆ ನಾನೂ ಇಲ್ಲಿಗೆ ಬರ್ತಿದ್ದೆ ರೀ. ಇಬ್ರೂ ಸುಮ್ನೆ ನಿಂತಿರ್ತಿದ್ವಿ. 'ಇನ್ನೊಂದು ಸಲ ಎಸೆದು ಹೋಗಮ್ಮ' ಅನ್ನೋರು. ನೀವು ಏಳೋ ಹೊತ್ತಾಯ್ತು, ಕಾಫಿ ಕೊಡ್ಬೇಕು ಅಂತ ಓಡಿಬರ್ತಿದ್ದೆ. ಒಂದಿನಾನೂ ಕತ್ತಲಾಗೋವರೆಗೂ ಅವರ ಜೊತೆ ನಿಲ್ಲಲಿಲ್ಲ."

ಕಾಫಿ ತಣ್ಣಗಾಗಿದೆ ಎಂದು ಅಂಥ ಎಷ್ಟು ಸಂಜೆ ಮುಖ ಗಂಟಿಕ್ಕಿದ್ದೆನೋ! "ಅಲ್ಲ ಕಣೇ..." ಎಂದು ಶುರುಮಾಡಿದೆ.

"ದಮ್ಮಯ್ಯ, ಈಗೇನೂ ಮಾತಾಡ್ಬೇಡಿ."

ಕೋಲಿನ ತುದಿ ಅದುರಿತು. ಅಂಗೈಯಗಲದ ಬೆಳ್ಳಿಮೀನು. ಆಕೆ ಅದನ್ನು ನೀರಿಗೆ ಬಿಟ್ಟು, ಕಣ್ಣೊರೆಸಿಕೊಂಡು, ಹೊಸ ಸಿಗಡಿ ಚೂರು ಚುಚ್ಚಿದಳು.

ಕತ್ತಲಾಗುವವರೆಗೂ ನಿಂತಿದ್ದೆವು. ಆಕೆ ಮುಂದೆ, ಮೊಣಕಾಲುದ್ದದ ನೀರಿನಲ್ಲಿ. ನಾನು ಹಿಂದೆ, ಒಂದು ಕೈಯಲ್ಲಿ ಹರಿದ ಪ್ಯಾಂಟನ್ನೂ ಇನ್ನೊಂದು ಕೈಯಲ್ಲಿ ನನ್ನ ಬಾಯನ್ನೂ ಮುಚ್ಚಿಕೊಂಡು.