ಮುನ್ನುಡಿಗೆ ಕೊಟ್ಟ ಕಟ್ಟು

ಕೊಪ್ಪದ ವಾಸಪ್ಪ ಮೇಷ್ಟ್ರು ತರೀಕೆರೆಯ ಮಗಳ ಮನೆಯಲ್ಲಿ ತೀರಿಕೊಂಡರು, ಸಂಸ್ಕಾರವೂ ಅಲ್ಲೇ ಮುಗಿಯಿತು ಎಂಬ ಸುದ್ದಿ ಲಕ್ಷ್ಮೀಶನನ್ನು ಮುಟ್ಟಿದ್ದು ಬೆಳಿಗ್ಗೆ ಹತ್ತಕ್ಕೆ, ಅವನು ಪಾಠ ಹೇಳುವ ನರಸಿಂಹರಾಜಪುರದ ಕಾಲೇಜಿನಲ್ಲಿ. ಅಕ್ಷರದ ರುಚಿ ಹತ್ತಿಸಿದ ಗುರು. ಕಣ್ಣು ತುಂಬಿತು. ಮರುಕ್ಷಣ ಕಟ್ಟಿನ ನೆನಪಾಯಿತು. ಮೇಷ್ಟ್ರು ಮುನ್ನುಡಿಗೆಂದು ಕೊಟ್ಟ ಕವಿತೆಗಳ ಕಟ್ಟು ಮೂರು ವರ್ಷದಿಂದ ಶೃಂಗೇರಿಯ ಮನೆಯ ಬೀರುವಿನಲ್ಲಿತ್ತು. ಅದರ ದಾರವನ್ನೂ ಅವನು ಬಿಚ್ಚಿರಲಿಲ್ಲ.

ಫೋನಿನಲ್ಲಿ ಸಾಹಿತ್ಯ ಬಳಗದ ವೀರಪ್ಪನವರು, "ಸಂಜೆ ನಾಲ್ಕಕ್ಕೆ ಕೊಪ್ಪದಲ್ಲಿ ಸಂತಾಪ ಸಭೆ. ಆ ಪದ್ಯ ಓದಿದವ ನೀನೊಬ್ನೇ. ನೀನೇ ಮಾತಾಡ್ಬೇಕು" ಎಂದರು. ಓದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅದ್ಭುತವಾಗಿವೆ ಎಂದುಬಿಟ್ಟ.

ಕೂಡಲೇ ಹೆಂಡತಿ ಅಂಬಿಕಾಗೆ ಹೇಳಿ, ಕಟ್ಟನ್ನು ಎರಡು ಗಂಟೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಪ್ಪಕ್ಕೆ ಕಳಿಸುವ ಏರ್ಪಾಡು ಮಾಡಿದ. ಸಭೆಗೆ ಮುಂಚೆ ನಾಲ್ಕು ಪುಟ ಕಣ್ಣಾಡಿಸಿದರೆ ಮಾನ ಉಳಿಯುತ್ತಿತ್ತು.

ಅಷ್ಟರಲ್ಲಿ ಸಹೋದ್ಯೋಗಿಗಳು, ಓದದೆಯೂ ಮಾತಾಡುವ ದಾರಿ ಹೇಳಿಕೊಡಲು, ಹಲಸಿನ ಹಣ್ಣಿಗೆ ನೊಣದಂತೆ ಮುತ್ತಿದರು. ಮಾರ್ಕ್ಸ್‌ವಾದಿ ದೇವರಾಜ, ಯಾವ ಪದ್ಯ ಹಿಂಡಿದರೂ ಕೂಲಿಯವನ ಬೆವರು ಬರುತ್ತದೆ ಎಂದ. ಸ್ತ್ರೀವಾದಿ ರೇಖಾ, ಹೆಣ್ಣು ಎಲ್ಲಿ ಮೌನವಾಗಿದ್ದಾಳೆಂದು ನೋಡಲು ಹೇಳಿದಳು. ರಚನಾವಾದ ಓದಿ ಡಾಕ್ಟರೇಟ್ ಪಡೆದ ಶಶಿಕಿರಣ್ ಮಾತ್ರ ನಿಶ್ಚಿಂತ.

"ಕೃತಿ ಹುಟ್ಟಿದ್ ಕೂಡ್ಲೇ ಕರ್ತೃ ಸತ್ತ ಅಂತ ನಮ್ಮ ಸಿದ್ಧಾಂತ ಸರ್."

"ಇವ್ರು ನಿಜವಾಗ್ಲೂ ಸತ್ತಿದಾರೆ ಮಾರಾಯ."

ಕೊಪ್ಪದಲ್ಲಿಳಿದರೆ, ಕಟ್ಟು ತರಬೇಕಿದ್ದ ಶೃಂಗೇರಿ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿದೆ ಎಂದು ತಿಳಿಯಿತು. ವೀರಪ್ಪನವರು ಕೈ ಹಿಡಿದು ವೇದಿಕೆಗೆ ಕರೆದೊಯ್ದರು.

ಮೊದಲು ನಾಲಗೆ ತಡವರಿಸಿತು. ಬೆವರು ನೆನಪಾಯಿತು, ಹೆಣ್ಣಿನ ಮೌನ ನೆನಪಾಯಿತು. ಆಮೇಲೆ ಮಾತು ಘಾಟಿಯಲ್ಲಿ ಬ್ರೇಕು ಹೋದ ಜೀಪಿನಂತೆ ಓಡಿತು. ಜನ ಕಣ್ಣೊರೆಸಿಕೊಂಡರು. ಆ ಹುರುಪಿನಲ್ಲಿ, ಅಷ್ಟೂ ಪದ್ಯಗಳನ್ನು ಏಳು ಸಲ ಓದಿದ್ದೇನೆ ಎಂದೂ ಹೇಳಿಬಿಟ್ಟ.

ಆಗಲೇ ಬಾಗಿಲಲ್ಲಿ ಕಟ್ಟು ಹಿಡಿದ ಕಂಡಕ್ಟರ್ ಕಾಣಿಸಿಕೊಂಡ. ಲಕ್ಷ್ಮೀಶ ಇಳಿಯುವ ಮೊದಲೇ ವೀರಪ್ಪನವರು ಕಟ್ಟನ್ನು ಈಸಿಕೊಂಡರು. ಧೂಳು ಹಿಡಿದ ಗಂಟನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಹಲ್ಲಿನಿಂದ ಬಿಚ್ಚಿದರು. ಒಳಗಿದ್ದದ್ದು ಖಾಲಿ ಹಾಳೆಗಳು. ಮೇಲಿದ್ದ ಚೀಟಿಯನ್ನು ಗಟ್ಟಿಯಾಗಿ ಓದಿದರು:

"ಲಕ್ಷ್ಮೀಶ, ಪದ್ಯ ಬರೆಯುವುದು ಬಿಟ್ಟು ಎಷ್ಟೋ ಕಾಲವಾಯಿತು. ನೀನು ಮನೆ ಕಡೆ ಬರುವುದೂ ಬಿಟ್ಟೆ. ಖಾಲಿ ಹಾಳೆ ಕೊಟ್ಟೆನೆಂದು ಬೈಯುವುದಕ್ಕಾದರೂ ಬಾ."

ಲಕ್ಷ್ಮೀಶ ನೆಲ ನೋಡುತ್ತ ನಿಂತ. ವೀರಪ್ಪನವರು ಹಾಳೆಗಳನ್ನು ಅವನ ಕೈಗಿಟ್ಟರು.

"ಏಳು ಸಲ ಓದಿದೀಯಲ್ಲ ಮಾರಾಯ, ಆ ಪದ್ಯಗಳನ್ನ ನೀನೇ ಬರ್ಕೊಡು. ಹನ್ನೊಂದನೇ ದಿನಕ್ಕೆ ಬೇಕು. ಮುನ್ನುಡಿ ನಾನು ಬರೀತೇನೆ, ಒಂದು ಮೂರು ವರ್ಷ ಆಗ್ಬಹುದು."

ಲಕ್ಷ್ಮೀಶ ಹಾಳೆಗಳನ್ನು ಎದೆಗವುಚಿಕೊಂಡು ಮೇಷ್ಟ್ರ ಪಟದ ಮುಂದೆ ತಲೆಬಾಗಿದ. ತಾಯಿ ಶಾರದೆ, ಒಂದು ಬೈಗುಳಕ್ಕಾಗಿ ಮೂರು ವರ್ಷ ಬಾಗಿಲು ತೆರೆದು ಕಾದ ಆ ಜೀವಕ್ಕೆ ಶಾಂತಿ ಕೊಡಮ್ಮ.