ಗೆರೆ ಇಳಿದರೆ ಸೋಫಾ ಉಳಿಯುತ್ತದೆ

ಹೆಂಡತಿ: ತೂಕ ಇಳಿದಿದ್ದು ತೋರಿಸಿ ಅಂದ್ರೆ, ಇದೇನ್ರೀ ಕಂಪ್ಯೂಟರ್ ತುಂಬ ನೀಲಿ ಬಳಿದಿಟ್ಟಿದ್ದೀರಿ?

ಗಂಡ: ಬಳಿದಿಲ್ಲ ಕಣೇ, ಗ್ರಾಫು ಅದು. ಮೇಲಿನ ಗೆರೆ ನನ್ನ ತೂಕ. ಗೆರೆಯ ಕೆಳಗಿನ ಜಾಗಕ್ಕೆ ಬಣ್ಣ ತುಂಬಿದ್ದೀನಿ.

ಹೆಂಡತಿ: ನಿಮ್ಮ ಹೊಟ್ಟೇನ ಪಕ್ಕದಿಂದ ಫೋಟೋ ತೆಗೆದ ಹಾಗಿದೆ.

ಗಂಡ: ಬಣ್ಣ ಗಾಢವಾಯ್ತು, ಅಷ್ಟೆ. ತಾಳು, ತೆಳು ಮಾಡ್ತೀನಿ... ನೋಡು, ಈಗ ಎಷ್ಟು ಹಗುರ ಆದೆ!

ಒಪ್ಪಂದ ಸರಳವಾಗಿತ್ತು. ತಿಂಗಳೊಳಗೆ ತೂಕ ಇಳಿದರೆ ಸೋಫಾ ಮನೆಯಲ್ಲೇ ಇರುತ್ತದೆ. ಇಳಿಯದಿದ್ದರೆ ಅದು ಹೆಂಡತಿಯ ತಮ್ಮನ ಮನೆಗೆ, ಅದರ ಜಾಗಕ್ಕೆ ಅಲ್ಲಿನ ವ್ಯಾಯಾಮದ ಸೈಕಲ್ಲು. ಪಾಪ, ಆ ಸೋಫಾ ಎಂದರೆ ಗಂಡನಿಗೆ ಪ್ರಾಣ. ಅದರ ನಡುವೆ ಬಿದ್ದಿದ್ದ ಕುಳಿ ಬೇರೆ ಯಾರ ಮೈಗೂ ಒಗ್ಗುವಂಥದ್ದಲ್ಲ. ತಮ್ಮ ಆಗಲೇ ಕೆಳಗೆ ವ್ಯಾನು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದ.

ಹೆಂಡತಿ: ಈ ಅಡ್ಡಗೆರೆಗಳು ಯಾಕೆ ಏಣಿ ಇಟ್ಟ ಹಾಗೆ?

ಗಂಡ: ಒಂದೊಂದೇ ಗೆರೆ ದಾಟಿ ಇಳಿದಿದ್ದೀನಿ. ಎಣಿಸು, ಹನ್ನೆರಡಿದೆ!

ಹೆಂಡತಿ: ಗೆರೆಗೆ ಎಷ್ಟು?

ಗಂಡ: ಅದೆಲ್ಲ ಈಗ ಯಾಕೆ...

ಹೆಂಡತಿ: ಎಷ್ಟು ರೀ?

ಗಂಡ: ಇಪ್ಪತ್ತು ಗ್ರಾಂ.

ಹೆಂಡತಿ: ಕಾಲು ಕಿಲೋನೂ ಆಗ್ಲಿಲ್ಲ! ಕಟಿಂಗ್ ಮಾಡಿಸ್ಕೊಂಡಿದ್ರೆ ಅಷ್ಟು ಇಳೀತಿತ್ತು.

ಗಂಡ: ಮಾಡಿಸ್ಕೊಂಡೆನಲ್ಲ. ಅದೂ ಸೇರಿದೆ.

ಹೆಂಡತಿ: ಮೊದಲು ಗ್ರಾಫನ್ನ ಸೊನ್ನೆಯಿಂದ ಶುರು ಮಾಡಿ. ಬಂಡವಾಳ ಬಯಲಾಗ್ಲಿ.

ಗಂಡ: ಸೊನ್ನೆ ಕಿಲೋ ನಾನು ಯಾವತ್ತೇ ಇದ್ದೆ? ಹುಟ್ಟಿದಾಗಲೇ ಮೂರು ಕಿಲೋ ಇದ್ನಂತೆ!

ಅಷ್ಟರಲ್ಲಿ ತಮ್ಮ ಹಗ್ಗ ಹಿಡಿದು ಒಳಗೆ ಬಂದ. ಪರದೆಯ ಮೇಲೆ ಗೆರೆ ಮೂಲೆಯಿಂದ ಮೂಲೆಗೆ ಜಾರಿ ತಳ ಮುಟ್ಟಿದ್ದನ್ನು ನೋಡಿದವನೇ ಹಗ್ಗ ಕೈಬಿಟ್ಟ.

ತಮ್ಮ: ಅಯ್ಯೋ ಭಾವ! ಏನು ಕಾಯಿಲೆ? ಹೀಗೇ ಇಳಿದ್ರೆ ಮುಂದಿನ ತಿಂಗಳು ನೀವು ಮೇಜಿನ ಕೆಳಗಿರ್ತೀರಿ!

ಗಂಡ: (ಹಿಗ್ಗಿ) ನೋಡಿದ್ಯಾ? ಹೊರಗಿನವರಿಗೆ ಕಾಣುತ್ತೆ!

ಹೆಂಡತಿ ಗ್ರಾಫನ್ನು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ಸೋಫಾವನ್ನು ನೋಡಿದಳು.

ಹೆಂಡತಿ: ನಿಜ ಕಣೋ, ನಿಮ್ಮ ಭಾವ ಕಡ್ಡಿ ಆಗಿಬಿಟ್ಟಿದ್ದಾರೆ. ಕಡ್ಡಿಗೆ ಮೂರಾಳು ಕೂರೋ ಸೋಫಾ ಯಾಕೆ? ಒಂದು ಸ್ಟೂಲು ಸಾಕು. ಎತ್ತು ಸೋಫಾ.

ಗಂಡ: ತೂಕ ಇಳಿದ್ರೆ ಉಳಿಯುತ್ತೆ ಅಂತ ನೀನೇ ಅಂದಿದ್ದೆ!

ಹೆಂಡತಿ: ಅಂದಿದ್ದೆ. ಈ ಪಾಟಿ ಇಳೀತೀರಿ ಅಂತ ನಾನೇನು ಕನಸು ಕಂಡಿದ್ನಾ?

ತಮ್ಮ ಒಂದು ತುದಿಗೆ ಕೈಹಾಕಿಯೇ ಬಿಟ್ಟ. ಗಂಡ ಎದ್ದುಬಿದ್ದು ಕಂಪ್ಯೂಟರಿನ ಕೀಲಿ ಒತ್ತಿದ; ಗ್ರಾಫು ಸೊನ್ನೆಯಿಂದ ಶುರುವಾಗಿ, ಗೆರೆ ಹಾಸುಗಲ್ಲಿನ ಹಾಗೆ ಮಟ್ಟಸವಾಗಿ ನಿಂತಿತು.

ಗಂಡ: ತಾಳ್ರೋ! ನೋಡು, ಹಾಗೇ ಇದ್ದೀನಿ! ಒಂದು ಗ್ರಾಮೂ ಇಳಿದಿಲ್ಲ!

ಹೆಂಡತಿ: ಒಂದು ಗ್ರಾಮೂ?

ಗಂಡ: ನಿನ್ನಾಣೆ!

ಹೆಂಡತಿ: ಕೇಳಿಸ್ಕೊಂಡ್ಯೇನೋ? ಇಳಿದೇ ಇಲ್ವಂತೆ. ಸೋಫಾ ಇಳಿಸಿ ಬರ್ತಾ ಸೈಕಲ್ಲೂ ಹಾಕ್ಕೊಂಡು ಬಾ.